ಪುಕ್ಕಲನ ಹೆಂಡತಿ

ಲೆಗಿನೆಮ್‌ಳ ಗಂಡ ಪಾಯ್ಮೊ ಶುದ್ಧ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅವಳು ಮುಂದೆ ಊರನ್ನೂ ಅಣೆಕಟ್ಟಿನ ಆಫೀಸನ್ನೂ ಎದುರು ಹಾಕಿಕೊಂಡದ್ದೆಲ್ಲ ಈ ಒಂದು ಮಾತಿಗೋಸ್ಕರ. ಗುಡುಗಿದರೆ ಅವನು ಮಂಚದ ಮೇಲೆ ಕಾಲು ಮಡಚಿ ಕೂರುತ್ತಿದ್ದ. ಹಿತ್ತಲಲ್ಲಿ ತೆಂಗಿನ ಗರಿ ಬಿದ್ದರೆ ನೋಡಿಕೊಂಡು ಬಾ ಎಂದು ಹೆಂಡತಿಯನ್ನು ಕಳಿಸುತ್ತಿದ್ದ. ಒಮ್ಮೆ ಯಾರದೋ ಹೆಬ್ಬಾತು ಅಟ್ಟಿಸಿಕೊಂಡು ಬಂತೆಂದು ಮಸೀದಿಯ ಮುಂದಿನ ತೊಟ್ಟಿಗೆ ಹಾರಿ, ಅದು ಬೇಸತ್ತು ಹೋಗುವವರೆಗೆ ನೀರಲ್ಲೇ ನಿಂತಿದ್ದನ್ನು ಕೆಡುಂಗ್‌ಸಾರಿಯ ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಮದುವೆ ಗೊತ್ತಾದಾಗ ಲೆಗಿನೆಮ್‌ಳ ಅತ್ತಿಗೆ, "ಆ ಪುಕ್ಕಲನ್ನ ಕಟ್ಕೊಂಡು ಏನೇ ಮಾಡ್ತೀಯ?" ಎಂದು ಕೇಳಿದ್ದಳಂತೆ.

"ಧೈರ್ಯ ಇರೋರು ಮನೇಲಿ ಇರಲ್ಲ ಕಣತ್ತಿಗೆ," ಅಂದಿದ್ದಳು ಲೆಗಿನೆಮ್. "ಪುಕ್ಕಲ ಆದ್ರೆ ಹೊತ್ತು ಮುಳುಗೋ ಮುಂಚೆ ಮನೆ ಸೇರ್ತಾನೆ."

ಅವಳೋ, ಅವನಿಗೆ ತದ್ವಿರುದ್ಧ. ಬೇಡ ಅಂದದ್ದನ್ನೇ ಮಾಡುವ ಜಗಮೊಂಡಿ. ಊರೆಲ್ಲ ಅವಳನ್ನು ಯು ಲೆಗಿ ಎನ್ನುತ್ತಿತ್ತು. ನಮ್ಮಲ್ಲಿ ಯು ಎಂದರೆ ಅಕ್ಕ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು, ತಂಗಿ ಎನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಸೇತುವೆಯ ಪಕ್ಕ ಅವಳ ಅಂಗಡಿ. ಮೀನು ಕರಿದು, ಮೆಣಸಿನಕಾಯಿಯ ಸಾಂಬಾಲ್ ಅರೆದು, ಬಿಸಿ ಅನ್ನದ ಜೊತೆ ಬಾಳೆ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಖಾರ ಜಾಸ್ತಿ ಆಯಿತು ಅಂದವನಿಗೆ, "ಹಾಗಾದ್ರೆ ನಿಮ್ಮಮ್ಮನ ಹತ್ರ ಹೋಗಿ ಹಾಲು ಕುಡಿ ಹೋಗು," ಎನ್ನುತ್ತಿದ್ದಳು. ಹಾಗೆ ಬೈಸಿಕೊಂಡವನು ಮರುದಿನ ಮತ್ತೆ ಅಲ್ಲೇ ಬಂದು ಕೂರುತ್ತಿದ್ದ.

ಅವಳು ಚಿಕ್ಕವಳಾಗಿದ್ದಾಗ ಜೆಂಬರ್ ನದಿ ಮಳೆಗಾಲ ಬಂದರೆ ಸಾಕು, ಊರೊಳಕ್ಕೇ ಬಂದು ಮಲಗುತ್ತಿತ್ತು. ಭತ್ತ, ಕೋಳಿ, ಬಿದಿರಿನ ಗೋಡೆ ಎಲ್ಲವನ್ನೂ ಹೊತ್ತೊಯ್ಯುತ್ತಿತ್ತು. ಆಮೇಲೆ ಮೇಲ್ಗಡೆ ವಾಟುಗಾಜಾದಲ್ಲಿ ಅಣೆಕಟ್ಟು ಕಟ್ಟಿದರು. ಬೆಟ್ಟದ ನೀರನ್ನು ಅದು ತಡೆದು, ಸ್ವಲ್ಪ ಸ್ವಲ್ಪವಾಗಿ ಬಿಡತೊಡಗಿತು. ಪ್ರವಾಹ ನಿಂತಿತು. ಅಣೆಕಟ್ಟನ್ನು ಬೈಯುವವರು ನಮ್ಮೂರಲ್ಲಿ ಯಾರೂ ಇಲ್ಲ. ಲೆಗಿನೆಮ್ ಕೂಡ ಅಣೆಕಟ್ಟನ್ನು ಎಂದೂ ಬೈದವಳಲ್ಲ. ಜಗಳ ಏನಿದ್ದರೂ ಅದರ ಸೈರನ್ನಿನ ಜೊತೆ.

ಸೈರನ್ನಿನ ಕತೆ ಹೀಗೆ. ಅಣೆಕಟ್ಟಿನ ಹೊಟ್ಟೆಯಲ್ಲಿ ಕೆಸರು ತುಂಬುತ್ತದೆ. ಬೇಸಿಗೆಯಲ್ಲಿ, ನದಿ ಸೊರಗಿರುವಾಗ, ಆಫೀಸಿನವರು ತಳದ ಗೇಟು ತೆಗೆದು ಆ ಕೆಸರನ್ನು ಹೊರಕ್ಕೆ ಬಿಡುತ್ತಾರೆ. ಗೇಟು ತೆಗೆಯುವ ಮುಂಚೆ ಸೈರನ್ ಕೂಗಿಸಬೇಕು. ದಡ ಬಿಟ್ಟು ದೂರ ಹೋಗಿ ಎಂದು ಅದರ ಅರ್ಥ. ಆದರೆ ಕೆಸರು ಬಂದರೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಕುಡಿದವರ ಹಾಗೆ ತೂರಾಡುತ್ತ, ಬಾಯಿ ತೆರೆದುಕೊಂಡು ಮೇಲೆ ಬರುತ್ತವೆ. ಕೈ ಹಾಕಿದರೆ ಸಿಗುತ್ತವೆ. ಮೊದಲ ಕೆಸರು ಹಾದುಹೋಗಲಿ ಎಂದು ದಡದಲ್ಲಿ ಕಾದು, ಬಲೆ ಬುಟ್ಟಿ ಲುಂಗಿ ಸೊಳ್ಳೆಪರದೆ ಸಿಕ್ಕಿದ್ದನ್ನು ಹಿಡಿದು ಊರಿಗೆ ಊರೇ ನೀರಿಗೆ ಇಳಿಯುತ್ತದೆ. ಇದಕ್ಕೆ ಪ್ಲಾದು ಎಂದು ಹೆಸರು. ಆ ದಿನ ಶಾಲೆಗೆ ಮೇಷ್ಟ್ರೂ ಬರುವುದಿಲ್ಲ, ಅವರೂ ನದಿಯಲ್ಲೇ ಇರುತ್ತಾರೆ. ಬೇರೆ ಊರಿನ ಮಕ್ಕಳು ಸೈರನ್ ಕೇಳಿದರೆ ತಾಯಿಯ ಲುಂಗಿಗೆ ಅಂಟಿಕೊಳ್ಳಬಹುದು. ನಮ್ಮೂರ ಮಕ್ಕಳು ಬುಟ್ಟಿ ಹುಡುಕುತ್ತವೆ.

ಪ್ಲಾದುವಿನಲ್ಲಿ ಲೆಗಿನೆಮ್‌ಳನ್ನು ಮೀರಿಸುವವರಿರಲಿಲ್ಲ. ಸೊಂಟದ ಮಟ್ಟ ನೀರಲ್ಲಿ ನಿಂತು ದಪ್ಪ ದಪ್ಪ ಮೀನುಗಳನ್ನು ಕಿವಿರು ಹಿಡಿದು ಎತ್ತುತ್ತಿದ್ದಳು, ಎತ್ತಿ ಹಿಂದಕ್ಕೆ ಎಸೆಯುತ್ತಿದ್ದಳು. ಹಿಂದೆ ದಡಕ್ಕಂಟಿದ ಒಂದು ಚಪ್ಪಟೆ ಕಲ್ಲಿನ ಮೇಲೆ ಪಾಯ್ಮೊ ಚೀಲ ಹಿಡಿದು ನಿಂತಿರುತ್ತಿದ್ದ. ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಲ್ಲಿನಿಂದ ಕೆಳಗೆ ಕಾಲಿಟ್ಟವನಲ್ಲ. "ಸಾಕು ಬಾರೇ, ಸಾಕು ಬಾರೇ," ಎನ್ನುವುದೊಂದೇ ಅವನ ಕೆಲಸ. "ಪಾಯ್ಮೊ, ನಿನ್ನ ಹೆಂಡ್ತಿ ಮೀನು ಹಿಡೀತಾಳೆ, ನೀನು ಕಲ್ಲು ಓಡಿಹೋಗದ ಹಾಗೆ ಹಿಡ್ಕೊಂಡಿದೀಯಾ?" ಎಂದು ಗಂಡಸರು ಛೇಡಿಸಿದರೆ ಹಲ್ಲು ಕಿರಿಯುತ್ತಿದ್ದ. ಮಾನಕ್ಕಿಂತ ಕಲ್ಲು ಭದ್ರ ಎಂದು ಅವನಿಗೆ ಗೊತ್ತಿತ್ತು.

ಆ ವರ್ಷ ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಸೈರನ್ ಕೂಗಿತು. ಊರಿನ ಮೇಲೆ ಬಿಸಿಲು ಬಿದ್ದಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಮಳೆ ಸುರಿದಿದ್ದು ಬೆಟ್ಟದ ಆಚೆ. ಅಣೆಕಟ್ಟು ತುಂಬಿಹೋಗಿ, ಮೇಲಿನ ಗೇಟುಗಳನ್ನು ತೆಗೆಯಬೇಕಾಗಿ ಬಂದಿತ್ತು. ಬರುವುದು ಕೆಸರಲ್ಲ, ಪ್ರವಾಹ. ಕೂಗಿದ್ದು ಮಾತ್ರ ಅದೇ ಸೈರನ್, ಅದೇ ಧ್ವನಿ. ಈ ವರ್ಷ ಎರಡು ಪ್ಲಾದು, ಆಫೀಸಿನವರಿಗೆ ದೇವರು ಒಳ್ಳೆ ಬುದ್ಧಿ ಕೊಟ್ಟ ಎಂದುಕೊಂಡು ಜನ ಬುಟ್ಟಿ ಹಿಡಿದು ಓಡಿದರು. ಲೆಗಿನೆಮ್ ಪೇಟೆಗೆ ಎಣ್ಣೆ ತರಲು ಹೋಗಿದ್ದಳು. ಸೈರನ್ ಕೇಳಿದರೆ ಹೆಂಡತಿ ಎಲ್ಲಿದ್ದರೂ ನೇರ ನದಿಗೇ ಬರುತ್ತಾಳೆಂದು ಗೊತ್ತಿದ್ದ ಪಾಯ್ಮೊ ಚೀಲ ತೆಗೆದುಕೊಂಡು ಹೋಗಿ ತನ್ನ ಕಲ್ಲಿನ ಮೇಲೆ ನಿಂತ.

ಅವಳು ಬಂದಳು. ಸೈಕಲ್ಲಿನಿಂದ ಇಳಿದು ದಡದ ಮೇಲಿಂದ ಅವನನ್ನು ನೋಡಿದಳು. ಅವನೂ ನೋಡಿದ, ಚೀಲ ಎತ್ತಿ ತೋರಿಸಿದ. ಅಷ್ಟರಲ್ಲಿ ತಿರುವಿನಿಂದ ನೀರು ಬಂತು. ಬೇರೆಯವರು ಹುಲ್ಲು ಬೇರು ಹಿಡಿದುಕೊಂಡು ಹೇಗೋ ದಡ ಹತ್ತಿದರು. ಕಲ್ಲಿನ ಮೇಲೆ ಯಾರೂ ಇರಲಿಲ್ಲ, ನೀರಿನಡಿ ಕಲ್ಲೂ ಕಾಣಲಿಲ್ಲ.

ಅವನು ಸಿಕ್ಕಿದ್ದು ಕೆಳಗಿನ ಊರಿನ ಬಿದಿರು ಮೆಳೆಯಲ್ಲಿ. ಮಣ್ಣು ಮಾಡಿ ಏಳನೇ ದಿನದ ಊಟಕ್ಕೆ ಜನ ಸೇರಿದ್ದಾಗ ಊರಿನ ಮುಖ್ಯಸ್ಥ ಆಫೀಸಿನವರ ಹೇಳಿಕೆ ಬಂದಿದೆಯೆಂದು ಓದಿದ. ಸೈರನ್ ನಿಯಮದಂತೆ ಕೂಗಿದೆ, ಮೃತನು ಎಚ್ಚರಿಕೆಯನ್ನು ಕಡೆಗಣಿಸಿ ದುಸ್ಸಾಹಸದಿಂದ ನದಿಗೆ ಇಳಿದಿದ್ದಾನೆ, ಎಂದಿತ್ತು.

"ದುಸ್ಸಾಹಸ ಅಂದ್ರೆ?" ಲೆಗಿನೆಮ್ ಕೇಳಿದಳು.

"ಅಂದ್ರೆ, ಅತಿ ಧೈರ್ಯ, ಯು ಲೆಗಿ. ಹೆದರದೆ ಮುನ್ನುಗ್ಗೋದು."

"ಯಾರು? ನಮ್ಮ ಪಾಯ್ಮೊ?"

ಅವಳು ನಕ್ಕಳು. ಸಾವಿನ ಮನೆಯಲ್ಲಿ, ಅನ್ನದ ತಟ್ಟೆಗಳ ಮಧ್ಯೆ, ತಲೆಗೆ ಹೊದ್ದ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಹೆಬ್ಬಾತು ನೆನಪಾಗಿ ಉಳಿದವರೂ ನಕ್ಕರು. ನಗು ನಿಂತ ಮೇಲೆ ಅವಳ ಮುಖ ನೋಡಿ ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು. "ನನ್ನ ಗಂಡ ಜೀವಮಾನದಲ್ಲಿ ಒಂದು ದಿನ ಧೈರ್ಯ ಮಾಡಿದವನಲ್ಲ," ಅಂದಳು. "ಅವನು ನೀರಿಗೆ ಇಳಿದಿಲ್ಲ. ಇವರು ಕರೆದರು, ಹೋದ. ಕರೆದು ಕೊಂದು ಈಗ ಸತ್ತವನ ಮೇಲೆ ಗೂಬೆ ಕೂರಿಸ್ತಾರಾ?"

ಮರುದಿನವೇ ವಾಟುಗಾಜಾದ ಆಫೀಸಿಗೆ ಹೋದಳು. ಅಲ್ಲಿನ ಮುಖ್ಯಸ್ಥ ಸುಟೆಜೊ ಕೆಟ್ಟ ಮನುಷ್ಯನಲ್ಲ. ಕುರ್ಚಿ ಕೊಟ್ಟ, ಕಾಫಿ ತರಿಸಿದ, ಸತ್ತವನ ಆತ್ಮಕ್ಕೆ ಶಾಂತಿ ಕೋರಿದ. ಆದರೆ ಗೋಡೆಯ ಹಾಗೆ ಕೂತಿದ್ದ. ಅವನು ಅವಳನ್ನು ಬೂ, ಅಂದರೆ ಅಮ್ಮ, ಎಂದು ಕರೆದ; ಅವಳು ಅವನನ್ನು ಪಾಕ್, ಅಂದರೆ ಸಾಹೇಬರೇ, ಎಂದು ಕರೆದಳು.

"ಸೈರನ್ ಕೂಗಿದ್ರೆ ದೂರ ಹೋಗಿ ಅಂತ ಅರ್ಥ, ಬೂ. ಜಗತ್ತಿನಲ್ಲೆಲ್ಲ ಅದೇ ಅರ್ಥ."

"ಜಗತ್ತಿನಲ್ಲಿ ಏನರ್ಥಾನೋ ನಾನು ನೋಡಿಲ್ಲ ಪಾಕ್. ನಮ್ಮೂರಲ್ಲಿ ಅದು ಮೀನು ಬಂತು ಅಂತ. ನನಗೆ ಬುದ್ಧಿ ತಿಳಿದಾಗಿಂದ ಅದೇ ಅರ್ಥ. ಕೆಸರಿಗೂ ಅದನ್ನೇ ಕೂಗಿಸ್ತೀರಿ, ಪ್ರವಾಹಕ್ಕೂ ಅದನ್ನೇ ಕೂಗಿಸ್ತೀರಿ. ನನ್ನ ಗಂಡ ಹೇಗೆ ತಿಳ್ಕೋಬೇಕಿತ್ತು? ಮೂಸಿ ನೋಡಿ?"

"ಹಾಗಾದ್ರೆ ಮೀನು ಹಿಡಿಯೋದು ನಿಲ್ಲಿಸಿ. ಕೆಸರು ಬಿಟ್ಟಾಗಲೂ ನದಿಗೆ ಇಳಿಯೋದು ನಿಷೇಧ. ಬೋರ್ಡ್ ಹಾಕಿಸ್ತೀನಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಹಾಗಾಯ್ತು," ಅಂದಳು ಲೆಗಿನೆಮ್. ಕಾಫಿ ಮುಟ್ಟದೆ ಎದ್ದಳು.

ಬೋರ್ಡು ಬಂತು. ಅದರ ನೆರಳಿನಲ್ಲಿ ಜನ ಸೈಕಲ್ ನಿಲ್ಲಿಸತೊಡಗಿದರು. ಅದರ ಹಿಂದೆಯೇ ಆಫೀಸಿನ ವಿಡಾಂತಿ ಎಂಬ ಎಂಜಿನಿಯರ್ ಹುಡುಗಿಯೂ ಬಂದಳು. ಅಪಾಯ ಎಲ್ಲಿದೆ, ಅದನ್ನು ತಗ್ಗಿಸುವುದು ಹೇಗೆ ಎಂದು ನೋಡುವುದೇ ಅವಳ ಕೆಲಸವಂತೆ. ಮಸೀದಿಯ ಜಗಲಿಯಲ್ಲಿ ಊರವರನ್ನು ಕೂರಿಸಿ ಚಿತ್ರ ತೋರಿಸುತ್ತಿದ್ದಳು: ಸೈರನ್ ಕೂಗಿದರೆ ಈ ದಾರಿ ಹಿಡಿದು ಶಾಲೆಯ ಗುಡ್ಡಕ್ಕೆ ಹೋಗಬೇಕು. ಜನ ತಲೆಯಾಡಿಸಿದರು. ಅವಳು ಕೊಟ್ಟ ಬಿಸ್ಕತ್ತು ತಿಂದರು. ಯಾವ ದಾರಿ ಎಂದು ಕೇಳಿದರೆ ಸರಿಯಾಗಿ ಹೇಳಿದರು. ನಮ್ಮ ಜನಕ್ಕೆ ಪಾಠ ಒಪ್ಪಿಸುವುದು ಗೊತ್ತಿಲ್ಲವೆಂದಲ್ಲ.

ಲೆಗಿನೆಮ್ ಹಿಂದೆ ಕೂತು ಕೇಳಿದಳು, ಬಿಸ್ಕತ್ತನ್ನೂ ತಿಂದಳು. ಕೊನೆಗೆ ಎದ್ದು, "ಮಗಳೇ, ಚಿತ್ರ ಚೆನ್ನಾಗಿದೆ. ಆದ್ರೆ ಸೈರನ್ ಕೂಗಿದಾಗ ಯಾರೂ ಯೋಚನೆ ಮಾಡಲ್ಲ, ಕಾಲು ಹೋಗ್ತವೆ ಅಷ್ಟೆ. ಕಾಲಿಗೆ ನೀನು ಪಾಠ ಹೇಳಿಲ್ಲ," ಅಂದಳು.

"ಹಾಗಾದ್ರೆ ಏನು ಮಾಡೋದು ಬೂ?"

ಆ ಹುಡುಗಿ ನಿಜವಾಗಿಯೂ ಕೇಳಿದಳು, ಬಾಯಿ ಮುಚ್ಚಿಸುವುದಕ್ಕೆ ಕೇಳಿದ್ದಲ್ಲ. ಉತ್ತರ ಕೊಟ್ಟಿದ್ದು ಲೆಗಿನೆಮ್ ಅಲ್ಲ, ಮೂಲೆಯಲ್ಲಿ ತೂಕಡಿಸುತ್ತಿದ್ದ ಕಾರ್ಸೊ ತಾತ. ರಾತ್ರಿ ಕಾವಲಿನ ಗುಡಿಸಲಿನಲ್ಲಿ ತೂಗುಹಾಕಿದ ಕೆಂಟೊಂಗನ್ ಅವನ ವಶದಲ್ಲಿತ್ತು. ಹಲಸಿನ ಬೊಡ್ಡೆಯನ್ನು ಟೊಳ್ಳು ಮಾಡಿ, ಉದ್ದಕ್ಕೆ ಸೀಳು ಕೊರೆದ ಮರದ ಡೋಲು ಅದು. ಸಾವಿಗೆ ಒಂದು ಬಡಿತ, ಕಳ್ಳನಿಗೆ ಒಂದು ಬಡಿತ. ಬಿಡುವೇ ಇಲ್ಲದೆ ಧಡಧಡ ಬಡಿದರೆ ಅದು ಟಿಟಿರ್: ಬೆಂಕಿ ಇಲ್ಲವೇ ನೀರು, ಎಲ್ಲ ಬಿಟ್ಟು ಓಡು ಎಂದು.

"ಟಿಟಿರ್ ಬಡಿದ್ರೆ ಯಾವನೂ ಮೀನಿಗೆ ಹೋಗಲ್ಲ," ಅಂದ ತಾತ ಕಣ್ಣು ಬಿಡದೆ. "ನಮ್ಮೂರ ಕೆಂಟೊಂಗನ್ ಕೇಳಿ ಪಕ್ಕದೂರೋರು ಬಡೀತಿದ್ರು, ಅವರದ್ದು ಕೇಳಿ ಆಚೆ ಊರೋರು. ಸಮುದ್ರದ ತನಕ ಹೋಗ್ತಿತ್ತು."

ಅಂದಿನಿಂದ ಲೆಗಿನೆಮ್‌ಗೆ ಒಂದೇ ಹಟ. ಸೈರನ್ ಕೆಸರಿಗೆ ಇರಲಿ, ಪ್ರವಾಹಕ್ಕೆ ಟಿಟಿರ್ ಬಡಿಯಲಿ. ಗೇಟು ತೆಗೆಯುವ ಮುಂಚೆ ಆಫೀಸಿನಿಂದ ಒಂದು ಫೋನು, ಕಾರ್ಸೊ ತಾತನ ಕೈಗೆ ಒಂದು ಕೋಲು. ಬೇರೇನೂ ಬೇಡ. ಅಂಗಡಿಗೆ ಬಂದವರಿಗೆಲ್ಲ ಅನ್ನದ ಜೊತೆ ಇದನ್ನೇ ಬಡಿಸಿದಳು. ವಿಡಾಂತಿ ಒಪ್ಪಿದಳು, ಮೇಲಕ್ಕೆ ಬರೆದಳು. ಸುಟೆಜೊ ಒಪ್ಪಲಿಲ್ಲ. ಅವನ ಕಾರಣಗಳೂ ಕಾರಣಗಳೇ: ಸೈರನ್ ಒತ್ತಿದರೆ ಕೂಗುತ್ತದೆ, ಮರದ ಡೋಲು ಮುದುಕನಿಗೆ ಜ್ವರ ಬಂದರೆ ಕೂಗುವುದಿಲ್ಲ. ನಾಳೆ ಒಂದು ಊರು ಬಡಿಯದೆ ಮಲಗಿದರೆ ಕೆಳಗಿನ ಊರುಗಳ ಗತಿ ಏನು? ನಿಯಮದಲ್ಲಿ ಕೆಂಟೊಂಗನ್ ಎಂಬ ಹೆಸರೇ ಇಲ್ಲ.

"ಸೈರನ್ನೂ ಇರಲಿ, ಕೂಗಲಿ, ನಾನು ಬೇಡ ಅಂದ್ನಾ? ಮೊದಲು ಟಿಟಿರ್ ಬಡೀರಿ, ಜನ ಗುಡ್ಡ ಹತ್ತಲಿ. ಆಮೇಲೆ ಗಂಟಲು ಹರಿಯೋ ಹಾಗೆ ಕೂಗಿಸಿಕೊಳ್ಳಿ," ಅಂದಳು ಲೆಗಿನೆಮ್.

"ಊರವರಿಗೆ ತರಬೇತಿ ಆಗಿದೆ ಬೂ. ಮಳೆಗಾಲ ಶುರುವಾಗೋ ಮುಂಚೆ ಅಣಕು ಕಾರ್ಯಾಚರಣೆ ಮಾಡ್ತೀವಿ. ಸೈರನ್ ಕೂಗ್ತೀವಿ. ಎಲ್ಲರೂ ಗುಡ್ಡಕ್ಕೆ ಬರ್ತಾರೆ. ನೀವೇ ನೋಡ್ತೀರಿ."

"ಬರದೇ ಇದ್ರೆ?"

"ಬರ್ತಾರೆ."

"ಬರದೇ ಇದ್ರೆ, ನನ್ನ ಗಂಡ ಪುಕ್ಕಲ ಅಂತ ನೀವು ಬರೆದುಕೊಡಬೇಕು. ದುಸ್ಸಾಹಸ ಅನ್ನೋ ಮಾತು ಹೊಡೆದು ಹಾಕಬೇಕು."

ಸುಟೆಜೊ ನಕ್ಕ. ಪುಕ್ಕಲ ಎಂದು ಬರೆದುಕೊಡಿ ಎಂದು ಗಂಡನ ಪರವಾಗಿ ಬೇಡುವ ಹೆಂಗಸನ್ನು ಅವನು ಎಲ್ಲಿ ನೋಡಿರಬೇಕು.

ಊರಿನವರಿಗೂ ಅವಳ ಕಾಟ ಸಾಕಾಗಿತ್ತು. ಇವಳ ರಗಳೆಯಿಂದ ಪ್ಲಾದುವೇ ನಿಂತುಹೋದರೆ ಎಂಬ ಭಯ ಒಂದು ಕಡೆ. "ಸತ್ತೋನು ಬರ್ತಾನೇನಮ್ಮ, ಬಿಟ್ಟುಬಿಡು," ಎಂದರು ಕೆಲವರು. ಮಗಳು ಪೊನಿಯಾ ಕೂಡ, "ಅಮ್ಮ, ಅಪ್ಪನ್ನ ದಿನಾ ಪುಕ್ಕಲ ಪುಕ್ಕಲ ಅಂತ ಬೀದೀಲಿ ಕೂಗಬೇಡ, ನನಗೆ ನಾಚಿಕೆ ಆಗತ್ತೆ," ಅಂದಳು.

"ನಿನ್ನ ಅಪ್ಪ ನಾಚ್ಕೊಳ್ಳಲಿಲ್ಲ, ನಿನಗೇನೇ ನಾಚಿಕೆ?" ಅಂದಳು ಲೆಗಿನೆಮ್. ಆದರೆ ಆ ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇಡಿಕೊಂಡಳು. ಸೈರನ್ ಕೂಗಿದರೆ ಮಗು ಎತ್ತಿಕೊಂಡು ಗುಡ್ಡಕ್ಕೆ ಹೋಗು, ನದಿ ಕಡೆ ತಲೆ ಹಾಕಿಯೂ ಮಲಗಬೇಡ, ಆಣೆ ಮಾಡು ಎಂದಳು. ಪೊನಿಯಾ ಆಣೆ ಮಾಡಿದಳು. ಲೆಗಿನೆಮ್ ಮನೆ ಮನೆಗೂ ಹೋಗಿ ಹಾಗೇ ಕೇಳಿದಳು. ಎಲ್ಲರೂ ಆಯ್ತು ಎಂದರು. ಜನ ನದಿಗೆ ಇಳಿದರೆ ಪಣ ತನ್ನದು ಎಂದು ಗೊತ್ತಿದ್ದೂ ಸೋಲುವುದಕ್ಕೇ ಅವಳು ಹಾಗೆ ಬೀದಿ ಸುತ್ತಿದಳು. ಜಿದ್ದು ಜಿದ್ದೇ, ಆದರೆ ಇನ್ನೊಬ್ಬಳು ಅವಳ ಹಾಗೆ ದಡದಲ್ಲಿ ನಿಂತು ನೋಡುವುದು ಅವಳಿಗೆ ಬೇಕಿರಲಿಲ್ಲ.

ಅಣಕು ಕಾರ್ಯಾಚರಣೆಯ ದಿನ ಶಾಲೆಯ ಗುಡ್ಡದ ಮೇಲೆ ಶಾಮಿಯಾನ ಎದ್ದಿತು. ಜಿಲ್ಲೆಯಿಂದ ಅತಿಥಿಗಳು ಬಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು, ಡಬ್ಬಿಯಲ್ಲಿ ತಿಂಡಿ ಬಂತು. ನದಿ ತೆಳ್ಳಗೆ ಹರಿಯುತ್ತಿತ್ತು. ಲೆಗಿನೆಮ್ ಬೆಳಿಗ್ಗೆಯೇ ಗುಡ್ಡ ಹತ್ತಿ ಒಂದು ಬೇವಿನ ಮರಕ್ಕೆ ಒರಗಿ ನಿಂತಿದ್ದಳು. ವಿಡಾಂತಿ ಬಂದು ಅವಳ ಕೈ ಹಿಡಿದುಕೊಂಡಳು.

ಸೈರನ್ ಕೂಗಿತು.

ಮೊದಲು ಒಂದು ಬಾಗಿಲು ತೆರೆಯಿತು. ಆಮೇಲೆ ಎಲ್ಲ ಬಾಗಿಲುಗಳೂ. ಮಕ್ಕಳು, ಹೆಂಗಸರು, ಮೇಷ್ಟ್ರು, ಬುಟ್ಟಿ, ಬಲೆ, ಸೊಳ್ಳೆಪರದೆ, ನಗು, ಕೇಕೆ. ಊರಿಗೆ ಊರೇ ಹೊರಟಿತು, ಕೆಳಕ್ಕೆ. ಆಣೆ ಮಾಡಿದವರು, ಬಿಸ್ಕತ್ತು ತಿಂದವರು, ದಾರಿ ತೋರಿಸಿದವರು, ಒಬ್ಬರೂ ಗುಡ್ಡದ ಕಡೆ ತಿರುಗಲಿಲ್ಲ. ಎಲ್ಲರಿಗಿಂತ ಮುಂದೆ ಪೊನಿಯಾ, ಸೊಂಟದಲ್ಲಿ ಮಗು, ಕೈಯಲ್ಲಿ ಅಮ್ಮನದೇ ಬಲೆ.

ಮಗಳನ್ನು ನೋಡಿ ಲೆಗಿನೆಮ್ ಬೆಚ್ಚಿದಳು. ಅದಕ್ಕಿಂತ ಹೆಚ್ಚಾಗಿ ಅವಳು ಬೆಚ್ಚಿದ್ದು ಬೇರೊಂದಕ್ಕೆ. ವಿಡಾಂತಿ ಹಿಂದಿನಿಂದ, "ಬೂ, ಬೂ, ಎಲ್ಲಿಗೆ?" ಎಂದು ಕೂಗುತ್ತಿದ್ದಳು. ನೋಡಿಕೊಂಡರೆ ಅವಳು ಬೇವಿನ ಮರದ ಹತ್ತಿರ ಇರಲಿಲ್ಲ. ಗುಡ್ಡದ ಅರ್ಧ ಇಳಿದಿದ್ದಳು, ಲುಂಗಿ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಯಾವಾಗ ಕಟ್ಟಿದಳೋ ಅವಳಿಗೇ ಗೊತ್ತಿಲ್ಲ. ಗಂಡನನ್ನು ನುಂಗಿದ ಕೂಗು ಅದು. ಅದಕ್ಕೇ ಅವಳ ಕಾಲು ಓಗೊಟ್ಟಿದ್ದವು. ಛೀ, ನಿನ್ನ ಮನೆ ಹಾಳಾಗ ಎಂದು ಅವಳು ತನ್ನ ಕಾಲಿಗೇ ಬೈದುಕೊಂಡಳು.

ಮೇಲೆ ಸುಟೆಜೊ ಅತಿಥಿಗಳ ಮುಂದೆ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. "ಯಾರು ಇವರನ್ನ ನದಿಗೆ ಇಳಿಯೋಕೆ ಹೇಳಿದ್ದು?" ಎಂದು ಗದರಿದ.

"ನೀವೇ," ಕೆಳಗಿನಿಂದ ಲೆಗಿನೆಮ್ ಕೂಗಿ ಹೇಳಿದಳು. "ಈಗ ಬಾಯಿ ಬಿಟ್ಟು ಕರೆದ್ರಲ್ಲ."

"ಅಶಿಸ್ತಿನ ಜನ. ಈ ಊರು ಸಹಕರಿಸಲಿಲ್ಲ ಅಂತಲೇ ವರದಿ ಹೋಗತ್ತೆ."

ಸೋತ ಮೇಲೂ ಹೀಗೆ ಮಾತಾಡುವವನಿಗೆ ಏನೆನ್ನಬೇಕು. ಅವಳು ನದಿಗೇ ಇಳಿದಳು. ಮೀನೂ ಇಲ್ಲ ಕೆಸರೂ ಇಲ್ಲ ಎಂದು ತಬ್ಬಿಬ್ಬಾಗಿ ನಿಂತಿದ್ದವರನ್ನು, "ಅಣಕು ಕಣ್ರೋ ಮುಂಡೇಗಂಡ್ರ, ನಡೀರಿ ಮೇಲೆ," ಎಂದು ಓಡಿಸಿದಳು. ಪೊನಿಯಾಳ ಕೈಯಿಂದ ಬಲೆ ಕಿತ್ತುಕೊಂಡಳು, ಕೆನ್ನೆಗೆ ಒಂದು ಬಿಟ್ಟಳು, ಬಿಟ್ಟು ಮಗುವಿನ ತಲೆ ಸವರಿದಳು. ಎಲ್ಲರೂ ದಡ ಹತ್ತಿದ ಮೇಲೆ ಪಾಯ್ಮೊ ನಿಲ್ಲುತ್ತಿದ್ದ ಕಲ್ಲಿನ ಮೇಲೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಳು.

ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಮೋಡ ಕಪ್ಪಾಯಿತು. ಆ ವರ್ಷದ ಮೊದಲ ಮಳೆ ಅಲ್ಲಿ ಸುರಿಯತೊಡಗಿದೆಯೆಂದು ಅಣೆಕಟ್ಟಿನಿಂದ ಸುಟೆಜೊಗೆ ಫೋನು ಬಂತು. ಅಣಕಿಗೆಂದು ನೀರು ಹಿಡಿದಿಟ್ಟಿದ್ದರು. ಸಂಜೆಯೊಳಗೆ ಸ್ವಲ್ಪ ಬಿಡಲೇಬೇಕು. ನದಿಯಲ್ಲಿ ಹೆಂಗಸು ಕೂತಿರುವಾಗ ಗೇಟು ತೆಗೆಯುವ ಹಾಗಿಲ್ಲ. ಇಬ್ಬರು ಕಾವಲಿನವರನ್ನು ಕಳಿಸಿದ. ಇಬ್ಬರೂ ಅವಳ ಅಂಗಡಿಯ ಮೀನು ತಿಂದು ಮೀಸೆ ಬಂದವರು. "ಮುಟ್ಟಿ ನೋಡ್ರೋ," ಅಂದಳು. ಮುಟ್ಟಲಿಲ್ಲ, ವಾಪಸ್ಸು ಹೋಗಿ ಬೂಟಿನ ತುದಿ ನೋಡುತ್ತ ನಿಂತರು. ದಡದ ಮೇಲೆ ಜನ ಸೇರಿದ್ದರು. "ಯು ಲೆಗಿ, ಅಲ್ಲೇ ಒಲೆ ಹಚ್ಚಿಬಿಡು, ಊಟಕ್ಕೆ ಬರ್ತೀವಿ," ಎಂದು ಯಾರೋ ತಮಾಷೆ ಮಾಡಿದರು.

ವಿಡಾಂತಿ ಪ್ಯಾಂಟು ಮಡಚಿಕೊಂಡು ನೀರಿಗೆ ಇಳಿದು ಕಲ್ಲಿನ ಹತ್ತಿರ ಬಂದಳು. "ಬೂ, ಮೇಲೆ ಮಳೆ ಜೋರಾಗಿದೆ. ಇದು ಅಣಕಲ್ಲ."

"ಗೊತ್ತು ಮಗಳೇ."

"ನಿಮಗೆ ಭಯ ಇಲ್ವಾ?"

"ಇಲ್ದೆ ಏನು," ಅಂದಳು ಲೆಗಿನೆಮ್. ಅದು ನಿಜವಾಗಿತ್ತು. ನೀರಿನ ಸಣ್ಣ ಸದ್ದಿಗೂ ಅವಳ ಕತ್ತು ತಿರುವಿನ ಕಡೆ ತಿರುಗುತ್ತಿತ್ತು. ಇಷ್ಟು ವರ್ಷ ಈ ಕಲ್ಲಿನ ಮೇಲೆ ನಿಂತು ಸಾಕು ಬಾರೇ ಎಂದವನ ಕಷ್ಟ ಏನಿತ್ತೆಂದು ಅವಳಿಗೆ ಈಗ ಗೊತ್ತಾಗುತ್ತಿತ್ತು. "ನೀನು ಹೋಗು. ನಿನ್ನ ಸಾಹೇಬರಿಗೆ ಹೇಳು, ನನ್ನನ್ನ ಎಬ್ಬಿಸೋದು ಸುಲಭ. ಸೈರನ್ ಕೂಗಿಸಲಿ. ಇನ್ನೂ ನಾಲ್ಕು ಜನ ಬುಟ್ಟಿ ತಗೊಂಡು ಬಂದು ನನ್ನ ಪಕ್ಕ ಕೂರ್ತಾರೆ. ಅದು ಬೇಡ ಅಂದ್ರೆ ಇನ್ನೊಂದಿದೆಯಲ್ಲ, ಅದನ್ನ ಬಾರಿಸಲಿ."

ವಿಡಾಂತಿ ಹೋಗಿ ಹೇಳಿದಳು. ದಡದಲ್ಲಿ ಸುಟೆಜೊ ಅತ್ತ ಇತ್ತ ನಡೆದ, ಫೋನಿನಲ್ಲಿ ಮಾತಾಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ. ಇಷ್ಟು ದಿನ ಊರಿಗೆ ಬಂದ ಕಷ್ಟ ಈಗ ಅವನ ಕೊರಳಿಗೆ ಬಂದಿತ್ತು. ಗೇಟು ತೆಗೆಯಲೇಬೇಕು; ತೆಗೆಯುವ ಮುಂಚೆ ಸೈರನ್ ಕೂಗಿಸಲೇಬೇಕು; ಕೂಗಿಸಿದರೆ ಏನಾಗುತ್ತದೆಂದು ಬೆಳಿಗ್ಗೆ ತನ್ನ ಕಣ್ಣಾರೆ ನೋಡಿದ್ದ. ಜನ ಅವನನ್ನೇ ನೋಡುತ್ತ ನಿಂತಿದ್ದರು.

"ಆ ಮುದುಕನಿಗೆ ಹೇಳಿ," ಅಂದ ಕೊನೆಗೆ. "ಬಾರಿಸಲಿ."

ಕಾರ್ಸೊ ತಾತ ಬಾರಿಸಿದ. ಧಡಧಡಧಡ ಎಂದು ಟಿಟಿರ್ ಊರಿನ ಮೇಲೆ ಬಿತ್ತು. ಅದನ್ನು ಹಿಂದೆ ಕೇಳಿದವರು ಊರಲ್ಲಿ ಬೆರಳೆಣಿಕೆ. ಆದರೂ ದಡದಲ್ಲಿದ್ದ ನಗು ಆರಿಹೋಯಿತು. ಒಬ್ಬ ಅಜ್ಜಿ ಮೊಮ್ಮಗಳ ರಟ್ಟೆ ಹಿಡಿದು ಗುಡ್ಡದ ಕಡೆ ಎಳೆದಳು. ಅವಳ ಹಿಂದೆ ಎಲ್ಲರೂ. ಯಾರೂ ಮನೆಗೆ ಬುಟ್ಟಿ ತರಲು ಹೋಗಲಿಲ್ಲ. ಶಾಮಿಯಾನದ ಅತಿಥಿಗಳೂ ತಿಂಡಿ ಡಬ್ಬಿ ಬಿಟ್ಟು ಎದ್ದು ನಿಂತರಂತೆ. ಆಚೆ ಊರಿನಿಂದ ಇನ್ನೊಂದು ಕೆಂಟೊಂಗನ್ ಸದ್ದು ಕೇಳಿಬಂತು, ಅದರಾಚೆ ಇನ್ನೊಂದು. ಅವರಿಗೆ ಯಾರೂ ಫೋನು ಮಾಡಿರಲಿಲ್ಲ.

ಲೆಗಿನೆಮ್ ಎಷ್ಟು ಬೇಗ ಕಲ್ಲು ಬಿಟ್ಟಳೆಂದರೆ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಇನ್ನೂ ಸ್ವಲ್ಪ ಹೊತ್ತು ಕೂತು ಅವನಿಗೆ ಬೆವರಿಳಿಸಬೇಕೆಂದು ಅವಳು ಯೋಚಿಸಿದ್ದಳು. ಯೋಚನೆ ಎಲ್ಲಿ ಬಿತ್ತೋ, ಅವಳು ಗುಡ್ಡ ಹತ್ತುತ್ತಿದ್ದಳು. ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತ ಓಡುತ್ತಿದ್ದರು. ನೋಡಿದರೆ ಸುಟೆಜೊ. ಟೋಪಿ ಇರಲಿಲ್ಲ, ಬೂಟು ಕೆಸರು ಮೆತ್ತಿತ್ತು. ಬಾರಿಸಲು ಹೇಳಿದ್ದು ತಾನೇ ಎಂಬುದು ಅವನಿಗೆ ಮರೆತೇ ಹೋದ ಹಾಗಿತ್ತು.

ಶಾಲೆಯ ಅಂಗಳದಲ್ಲಿ ಊರೆಲ್ಲ ನಿಂತಿತ್ತು. ಇನ್ನು ಗೇಟು ತೆಗೆಯಬಹುದೆಂದು ವಿಡಾಂತಿ ಅಣೆಕಟ್ಟಿಗೆ ಫೋನು ಮಾಡಿದಳು. ಲೆಗಿನೆಮ್ ಸುಟೆಜೊನ ತೋಳು ಹಿಡಿದುಕೊಂಡಳು. ಬಿಡಲಿಲ್ಲ.

"ನೀವ್ಯಾಕೆ ಓಡಿದ್ರಿ ಪಾಕ್?"

ಅವನು ಉಸಿರು ಎಳೆದುಕೊಳ್ಳುತ್ತಿದ್ದ. "ಗೊತ್ತಿಲ್ಲ," ಅಂದ. "ನಮ್ಮ ಅಜ್ಜಿ ಮನೆ ಕೂಡ ನದಿ ಪಕ್ಕಾನೇ."

"ನೋಡಿದ್ರಲ್ಲ. ಅವತ್ತು ಇದನ್ನ ಬಡಿದಿದ್ರೆ ಪಾಯ್ಮೊ ನಮಗೆಲ್ಲ ಮೊದಲು ಇಲ್ಲಿ ಬಂದು ನಿಂತಿರ್ತಿದ್ದ. ನನಗೂ ಕಾಯ್ತಿರಲಿಲ್ಲ, ಮಗಳಿಗೂ ಕಾಯ್ತಿರಲಿಲ್ಲ. ನಾನು ಬಂದ ಮೇಲೆ ಹಲ್ಲು ಕಿರಿದುಕೊಂಡು ನಿಂತಿರ್ತಿದ್ದ. ನಾನು ನಾಲ್ಕು ಬೈದು ಮನೆಗೆ ಕರ್ಕೊಂಡು ಹೋಗ್ತಿದ್ದೆ. ಈಗ ಹೇಳಿ, ಏನಂತ ಬರೀತೀರಿ?"

ಸುಟೆಜೊ ಬೂಟಿನ ಕೆಸರನ್ನು ನೆಲಕ್ಕೆ ಉಜ್ಜಿಕೊಂಡ. "ದುಸ್ಸಾಹಸ ಅನ್ನೋ ಮಾತು ತೆಗೀತೀನಿ, ಬೂ. ಇನ್ನು ಮೇಲೆ ಮೊದಲು ಇದೇ ಬಡಿಯತ್ತೆ. ಆದ್ರೆ ಸರ್ಕಾರಿ ಕಾಗದದಲ್ಲಿ ಪುಕ್ಕಲ ಅಂತ ಬರೆಯೋಕೆ ಬರಲ್ಲ. ಎಚ್ಚರಿಕೆಯ ಮನುಷ್ಯ ಅಂತ ಬರೀತೀನಿ."

ಕೆಳಗೆ ತಿರುವಿನಿಂದ ನೀರು ಬಂತು. ಕಂದು ಬಣ್ಣದ ನೀರು ಖಾಲಿ ನದಿಯನ್ನು ದಡದಿಂದ ದಡಕ್ಕೆ ತುಂಬಿಕೊಂಡು ಹೋಯಿತು. ಅದರಲ್ಲಿ ಒಂದು ಬುಟ್ಟಿಯೂ ತೇಲಲಿಲ್ಲ. ಗಂಡ ಸತ್ತ ದಿನದಿಂದ ಒಂದು ಹನಿ ಕಣ್ಣೀರು ಹಾಕದ ಲೆಗಿನೆಮ್‌ಳ ಮುಖ ಈಗ ಊರೆಲ್ಲರ ಎದುರು ಅಳುವಿನಲ್ಲಿ ಕಿವುಚಿಕೊಂಡಿತು. ತೋಳು ಮಾತ್ರ ಬಿಡಲಿಲ್ಲ.

"ಎಚ್ಚರಿಕೆ ಗಿಚ್ಚರಿಕೆ ಎಲ್ಲ ನಿಮ್ಮ ಆಫೀಸಿಗೆ ಇಟ್ಕೊಳ್ಳಿ," ಅಂದಳು. "ಪುಕ್ಕಲ ಅಂತ ಬರೀರಿ. ನನ್ನ ಗಂಡ ಪುಕ್ಕಲ."